ಕೌದಿ ಸರಿಸೋದು

ಮೊದಲು ಚಪ್ಪಾಳಿ ತಟ್ಟಿ ನೋಡಿದೆ.
ಒಂದ ಚಪ್ಪಾಳಿ, ಖೋಲಿ ನಡುವ ನಿಂತು.
ಗ್ವಾಡಿಯಿಂದ ಗ್ವಾಡಿಗೆ ಅದು
ಡಬ್ಬಿಯೊಳಗಿನ ಗೋಲಿಗುಂಡಿನಂಗ ಓಡಾಡಿ
ಟರ್ರ್ ಅಂತ ಸತ್ತಿತು.
ಹನ್ನೆರಡು ಫೂಟು ಅಗಲ, ಹದಿನಾರು ಉದ್ದ,
ಕೆಳಗ ಶಹಾಬಾದಿ ಫರಸಿ, ಮ್ಯಾಲೆ ಸ್ಲ್ಯಾಬು.
ಬೆಟಗೇರಿಯ ಈ ಪಡಸಾಲಿ
ಕೇಳಿದ್ದನ್ನ ಹೊಟ್ಟ್ಯಾಗ ಇಟ್ಟುಕೊಳ್ಳೋದಿಲ್ಲ,
ಮೂರು ಸಲ ಹೇಳತೈತಿ.

ಸಾವಂತ್ರೆವ್ವಗ ಅದ ಬೇಕು.
"ಸಾ ಹಚ್ಚಿದ್ರ ಗ್ವಾಡಿ ಕೈ ಹಿಡೀಬೇಕ್ರಿ,
ಇಲ್ಲಂದ್ರ ಅಳ್ಳಿ ಅಂಡಗಿಯೊಳಗ ಕುಂತು ಹಾಡಿದಂಗ" ಅಂತಾಳ.
ನನಗ ಬ್ಯಾಡ.
ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವ ನಾನು,
ಸ್ಪೀಕರು ನಾನ ಕಟ್ಟಿದವು, ಸಾಗವಾನಿ ಪೆಟಗಿ.
ಅವುಗಳ ಮಾತಿನಾಗ ಗ್ವಾಡಿ ಬಾಯಿ ಹಾಕಬಾರದು.
ಟೇಪಿನೊಳಗ ಆಗಲೇ ಒಂದು ಖೋಲಿ ಇರತೈತಿ,
ಅದರ ಮ್ಯಾಲೆ ನಮ್ಮದನ್ನೂ ಹೇರಿದ್ರ
ಒಂದ ಚಹಾಕ್ಕ ಎರಡು ಸಲ ಸಕ್ಕರಿ.

ನವಲಗುಂದದ ಜಮಖಾನಿ ಹಾಸಿದ್ವಿ.
ಚುರುಕು ತಗ್ಗಿತು, ಗುಂಯ್ ಅನ್ನೋದು ಉಳೀತು.
ಅದು ಮೂಲ್ಯಾಗ ಕುಂದರತೈತಿ, ಹಾವಿನಂಗ ಸುತ್ತಿಕೊಂಡು.
ಮೂಲಿಗೆ ಜ್ವಾಳದ ಚೀಲ ಒಟ್ಟಿದೆ, ಎರಡರ ಮ್ಯಾಲೆ ಎರಡು.
ಚೊಲೋ ಆತು. ಡಗ್ಗಾ ಅಂದ್ರ ಡಗ್ಗಾನ ಕೇಳಿಸಿತು,
ಖಾಲಿ ಟ್ರಾಲಿ ಅಲ್ಲ.
ಆದ್ರ ಜ್ವಾಳ ತಿನ್ನೋದೈತಲ್ಲ!
ಯುಗಾದಿಗೆ ಎರಡು ಚೀಲ ರೊಟ್ಟಿ ಆಗಿ ಹೋದವು,
ಕಾರಹುಣ್ಣಿಮಿ ಹೊತ್ತಿಗೆ ಮಂದ್ರ ಮತ್ತ ಊದಿಕೊಂಡಿತು.

ಕಡೀಕ ಕೌದಿ.
ಅಕೀನ ಹೊಲದದ್ದು, ನಾಕು ಪದರ:
ಹಳೇ ಸೀರಿ, ನನ್ನ ಪೈಜಾಮಾ, ಯಾರದೋ ಮನಿ ಕಿಡಕಿ ಪಡದಿ.
ಸಲಾಕಿಗೆ ಹಿತ್ತಾಳಿ ಬಳಿ ಪೋಣಿಸಿ ತೂಗಬಿಟ್ಟೆ,
ಗ್ವಾಡಿಯಿಂದ ಒಂದು ಗೇಣು ಮುಂದ;
ಗ್ವಾಡಿಗೆ ಹತ್ತಿಸಿದ್ರ ಅರ್ಧ ಕೆಲಸ ಅಷ್ಟ.
ಟೇಪು ಹಚ್ಚೋವಾಗ ಎಳಿ, ಹಾಡೋವಾಗ ಸರಿಸು.
ಗಂಡ ಹೆಂಡತಿ ಕರಾರು.

ಕರಾರಿಗೆ ಓಣಿ ಒಪ್ಪಬೇಕಲ್ಲ.
ಹಿತ್ತಲಾಚೆ ಗುರುಬಸಪ್ಪನ ಪವರ್‌ಲೂಮು, ಆರು.
ಕರೆಂಟ್ ಇದ್ರ ಅವು ಖಟಖಟ.
ಕರೆಂಟ್ ಹೋದ್ರ ಅವೂ ಮುಗುಮ್ಮು, ನನ್ನ ಸ್ಪೀಕರೂ ಮುಗುಮ್ಮು.
ಅಂದ್ರ ಶಾಂತ ಅನ್ನೋದು ಪೂರಾ ಅಕಿ ಪಾಲಿಗೆ ಬಂತು.
ನಾನು ಮಗ್ಗದ ಮಾತ್ರಿ ಎಣಿಸಿಕೊಂತ ಕೇಳಾಂವ.

ಮೊನ್ನೆ ಒಂದು ಟೇಪು ಸಿಕ್ಕಿತು, ಬೆನ್ನ ಮ್ಯಾಲಿನ ಬರಹ ಮಾಸಿ.
ಕೌದಿ ಎಳದೆ. ಹಚ್ಚಿದೆ.
ಭೀಮಪಲಾಸಿ. ಯಾವದೋ ಹುಡುಗಿ.
"ನಿಷಾದ ಇಳಿಸ್ಯಾಳ ನೋಡ್ರಿ" ಅಂದ್ಲು ಸಾವಂತ್ರೆವ್ವ
ಅಡಗಿಮನಿಯಿಂದ, ರೊಟ್ಟಿ ಬಡಕೊಂತ.
ಆಮ್ಯಾಲೆ ಬಡಿಯೋದು ನಿಂತಿತು.

ಇದ ಖೋಲಿ. ಆಗ ಮ್ಯಾಲೆ ತಗಡು.
ಹಾಡಿನ ಬೆನ್ನಿಗೆ ತಗಡು ಸಣ್ಣಗ ನಡಗತಿತ್ತು,
ಯಾರೋ ಚರಗಿ ಇಟ್ಟ ಸಪ್ಪಳ,
ನಂದೊಂದು ಕೆಮ್ಮು, ಇಪ್ಪತ್ತೇಳರ ಹರೇದ ಕೆಮ್ಮು.
ಈಗಿನ ಗ್ವಾಡಿ ಸುಮ್ಮನಿತ್ತು,
ಆಗಿನ ಗ್ವಾಡಿ ಮಾತಾಡಿತು.

ಹಿಟ್ಟಿನ ಕೈಲೆ ಬಂದು ಕೌದಿ ಮುಟ್ಟಿದ್ಲು.
"ಅವತ್ತು ಉಟ್ಟಿದ್ದು ಈ ಹಸರು."
"ನೀಲಿ ಇತ್ತಲ್ಲ?"
"ಉಟ್ಟಾಕಿ ನಾನೋ, ನೀವೋ?"

ಅಂತರಾ ಅರ್ಧಕ್ಕ ಕರೆಂಟ್ ಹೋತು.
ಹುಡುಗಿ ದನಿ ಎಳೀಕೊಂತ, ದಪ್ಪ ಆಗಿ,
ಗಂಡಸಿನದಾಗಿ ನಿಂತಿತು.
ಆರೂ ಮಗ್ಗ ಒಮ್ಮಿಗೆಲೆ.
ಉಳಿದ ಅಂತರಾ ಅಕಿ ಎತ್ತಿಕೊಂಡ್ಲು,
ಎರಡು ಪಟ್ಟಿ ಇಳಿಸಿ, ನಿಷಾದ ಈ ಸಲ ನೆಟ್ಟಗ.

ಕತ್ತಲಾಗ ಕೌದಿ ಸರಿಸಾಕ ಹೋದೆ.
ಬಳಿ ನಡುವ ಸಿಕ್ಕವು.
ಜಗ್ಗಲಿಲ್ಲ, ಸಪ್ಪಳ ಆದೀತು ಅಂತ
ಸೆರಗು ಹಿಡಕೊಂಡಂಗ ಹಿಡಕೊಂಡು ನಿಂತೆ.
ಕೋಮಲ ಗಾಂಧಾರ ಬಂದಾಗೊಮ್ಮೆ
ಮಾಡದಾಗಿನ ಹಿತ್ತಾಳಿ ಚರಗಿ ಗುಂಯ್ ಅಂತಿತ್ತು.
ನಾಳೆ ಅದರೊಳಗ ಒಂದು ಹಿಡಿ ಜ್ವಾಳ ಹಾಕಬೇಕು, ಅನಕೊಂಡೆ.
ಇನ್ನೂ ಹಾಕಿಲ್ಲ.